ಒಗೆಯುವ ಕಲ್ಲು ಮತ್ತು ವಾಕ್ ಸ್ವಾತಂತ್ರ್ಯ

ನನ್ನ ಸೋದರಮಾವನ ಬಾಯಿ ಮುಚ್ಚಿಸಬಲ್ಲ ಮನುಷ್ಯ ಶಂಕರಪುರದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಲ್ಲಿನ ಡಾಕ್ಟರಿಗೇ ಆಗಲಿಲ್ಲ ಎಂದಮೇಲೆ ಉಳಿದವರ ಪಾಡೇನು! ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದವರು, ಇಕ್ಕಳ ಬಾಯೊಳಗಿದ್ದಾಗಲೂ ಪ್ರಜಾಪ್ರಭುತ್ವದ ವಿಷಯ ಬಿಡಲಿಲ್ಲ. ಪಾಪ, ಆ ಡಾಕ್ಟರು ಗಲಿಬಿಲಿಗೊಂಡು ಪಕ್ಕದ ಹಲ್ಲು ಕಿತ್ತುಬಿಟ್ಟರು. ಮಾವ ಸಿಟ್ಟಾದರೇ? ಎಲ್ಲಿ ಬಂತು! "ಎರಡೂ ಹಲ್ಲಿನ ವಾದ ಕೇಳ್ದೆ ತೀರ್ಪು ಕೊಟ್ಬಿಟ್ರಲ್ಲ ಡಾಕ್ಟ್ರೇ" ಎಂದು ಇನ್ನೊಂದು ಚರ್ಚೆ ಶುರು ಮಾಡಿದರಂತೆ.

ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿ ನಿವೃತ್ತರಾದವರು ಅವರು. ತೊಂಬತ್ತರ ದಶಕದಲ್ಲಿ ನಾನು ಬ್ಯಾಂಕಿನ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಇದ್ದೆ. ಮನೆಯಲ್ಲಿ ಮಾವ ಮಾತಾಡುತ್ತಿದ್ದರು, ಅತ್ತೆ ಕೇಳುತ್ತಿದ್ದರು. ಸಂಜೆಯಾದರೆ ಮಾವ ಎದುರಿನ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕುಳಿತು, ಸಿಕ್ಕಿದವರ ಜೊತೆ ಸಿಕ್ಕಿದ ವಿಷಯಕ್ಕೆ ವಾದ ಹೂಡುತ್ತಿದ್ದರು. ಯಾರೂ ಸಿಗದ ದಿನ ವಿಶ್ವೇಶ್ವರಪುರಂ ತನಕ ನಡೆದುಹೋಗಿ ಹೋಳಿಗೆ ಬೇಯಿಸುವವನ ಹತ್ತಿರವಾದರೂ ವಾದ ಮಾಡಿ ಬರಬೇಕು, ಇಲ್ಲದಿದ್ದರೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಬಡಾವಣೆಯ ನಾಗರಿಕರ ಸಂಘದವರು ಎಷ್ಟು ದಿನ ಅಂತ ಸಹಿಸಿಯಾರು? ಒಂದು ದಿನ ಪಾರ್ಕಿನಲ್ಲಿ ಬೋರ್ಡು ಬಿತ್ತು: "ಗಟ್ಟಿಯಾಗಿ ಮಾತನಾಡಬಾರದು." ಮಾವನ ಹೆಸರೊಂದನ್ನು ಬರೆದಿರಲಿಲ್ಲ, ಅಷ್ಟೇ! ಅದು ಅವರ ಎದೆಗೇ ನಾಟಿತು. "ನೋಡ್ತಿರು, ಇದೇ ಪಾರ್ಕಲ್ಲಿ ವಾಕ್ ಸ್ವಾತಂತ್ರ್ಯಕ್ಕೊಂದು ಸ್ಮಾರಕ ನಿಲ್ಲಿಸ್ದೇ ಇದ್ರೆ ನಾನು ಮೇಷ್ಟ್ರೇ ಅಲ್ಲ" ಎಂದು ನನ್ನೆದುರು ಪ್ರತಿಜ್ಞೆ ಮಾಡಿದರು. ಅವತ್ತಿನಿಂದ ಅದೊಂದೇ ಧ್ಯಾನ. ಮನೆಮನೆಗೆ ಹೋಗಿ, ಕೊಟ್ಟ ಕಾಫಿಯನ್ನೆಲ್ಲ ಕುಡಿದು, ಕೊನೆಗೂ ಸಂಘದ ಸಭೆ ಕರೆಸಿಯೇಬಿಟ್ಟರು.

ಸಭೆಯೋ, ದೇವರಿಗೇ ಪ್ರೀತಿ! ಒಬ್ಬರು ಬಾಯಿ ತೆರೆದಿರುವ ಪ್ರತಿಮೆ ಇಡೋಣ ಎಂದರು. ಬಾಯೊಳಗೆ ಪಾರಿವಾಳ ಗೂಡು ಕಟ್ಟುತ್ತದೆ ಎಂದು ಇನ್ನೊಬ್ಬರು ತಳ್ಳಿಹಾಕಿದರು. ಸಂಘದ ಅಧ್ಯಕ್ಷರು ನಿವೃತ್ತ ಎಂಜಿನಿಯರು, ಬಹಳ ಶಿಸ್ತಿನ ಮನುಷ್ಯ. ಗಂಟಲು ಸರಿಮಾಡಿಕೊಂಡು ಎದ್ದರು.

"ಸ್ಮಾರಕಕ್ಕೆ ನನ್ನ ಅಭ್ಯಂತರ ಇಲ್ಲ. ಆದ್ರೆ ಅಲ್ಲಿ ಯಾರೂ ರಾಜಕೀಯ, ಜಾತಿ, ಧರ್ಮ, ಸಂಘದ ವಿಷಯ ಮಾತಾಡ್ಕೂಡ್ದು."

"ಇನ್ನೇನ್ ಉಳೀತು ಸ್ವಾಮಿ? ಹವಾಮಾನವಾ?" ಎಂದರು ಮಾವ.

"ಅದೂ ಬೇಡ ಮೇಷ್ಟ್ರೇ. ಮಳೆ ಅಂದ್ರೆ ಮೋರಿ ನೆನಪಾಗತ್ತೆ, ಮತ್ತೆ ಜಗಳ!" ಎಂದು ಹಿಂದಿನಿಂದ ಯಾರೋ ಕೂಗಿದರು. ವಾಕ್ ಸ್ವಾತಂತ್ರ್ಯದ ಸಭೆ ಎಲ್ಲರೂ ಒಟ್ಟಿಗೇ ಮಾತಾಡಿ, ಯಾರ ಮಾತೂ ಯಾರಿಗೂ ಕೇಳದೆ ಮುಗಿಯಿತು.

ಮಾವ ಬಿಡುವ ಪೈಕಿಯೇ? ಹಿಂದಿನ ರಸ್ತೆಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಅದರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಕೇಳಿ ಪಡೆದು, ಕೈಗಾಡಿಯಲ್ಲಿ ಹೇರಿಸಿ ತಂದು, ಪಾರ್ಕಿನ ಮೂಲೆಯ ಮರದ ಬುಡದಲ್ಲಿ ಊರಿಯೇಬಿಟ್ಟರು. "ಯಾರು ಬೇಕಾದ್ರೂ ಇದರ ಮೇಲೆ ನಿಂತು ಏನು ಬೇಕಾದ್ರೂ ಮಾತಾಡಿ. ಇಷ್ಟು ದಿನ ಬಟ್ಟೆಯ ಕೊಳೆ ಹೋಯ್ತು, ಇನ್ಮೇಲೆ ಮನಸ್ಸಿನದು ಹೋಗ್ಲಿ!" ಎಂದು ತಾವೇ ಉದ್ಘಾಟಿಸಿದರು. ಅಧ್ಯಕ್ಷರು ಕೆಂಡವಾದರು. "ಅನುಮತಿ ಇಲ್ದೆ ಇಟ್ಟಿದೀರಿ. ಕಾರ್ಪೊರೇಷನ್ನಿನವರನ್ನ ಕರೆಸಿ ತೆಗೆಸ್ತೀನಿ" ಎಂದು ಹೇಳಿಯೇ ಹೋದರು.

ಮರುದಿನ ಬೆಳಗ್ಗೆ ಮಾವ ಭಾಷಣಕ್ಕೆ ಹೋಗಿ ನೋಡುತ್ತಾರೆ, ಕಲ್ಲಿಗೆ ಅರಿಶಿನ ಕುಂಕುಮ! ಮೇಲೊಂದು ಕಣಗಿಲೆ ಹೂವು! ನಮ್ಮ ಬಡಾವಣೆಗಳಲ್ಲಿ ಇದೊಂದು ಕಷ್ಟ ನೋಡಿ. ಮರದ ಬುಡದಲ್ಲಿ ಒಂದು ಕಲ್ಲು ಸುಮ್ಮನೆ ಕೂರುವ ಹಾಗಿಲ್ಲ, ಬೆಳಗಾಗುವುದರೊಳಗೆ ದೇವರಾಗಿಬಿಡುತ್ತದೆ. ಮಾವ ಹತ್ತಲು ಕಾಲೆತ್ತಿದರೆ ವಾಕಿಂಗ್ ಬಂದವರು ಹೌಹಾರಿದರು. "ಅಯ್ಯೋ ಮೇಷ್ಟ್ರೇ, ದೇವರ ಮೇಲೆ ಕಾಲಿಡ್ತೀರಾ?"

"ದೇವರಲ್ಲಾ ರೀ, ಒಗೆಯೋ ಕಲ್ಲು!"

ಯಾರು ಕೇಳಬೇಕು? ಹೋಗುವವರು ಬರುವವರು ಕೈಮುಗಿದರು. ಮಾವ ಮನೆಯಿಂದ ಬಕೆಟ್ಟು ನೀರು ತಂದು ತೊಳೆದರು. ಮಾರನೆಯ ದಿನ ಮತ್ತೆ ಕುಂಕುಮ. ಮತ್ತೆ ತೊಳೆದರು. ಇವರು ತೊಳೆಯುವುದು, ಯಾರೋ ಹಚ್ಚುವುದು, ವಾರಗಟ್ಟಲೆ ಇದೇ ನಡೆಯಿತು. "ಅದ್ಯಾರು ಅಂತ ಸಿಗ್ಲಿ, ಆಗ ಹೇಳ್ತೀನಿ" ಎಂದು ಮಾವ ಹಲ್ಲು ಕಡಿಯುತ್ತಿದ್ದರು. ಅತ್ತೆ ಕಾಫಿ ಬೆರೆಸುತ್ತಿದ್ದರು.

ಒಂದು ಬೆಳಗ್ಗೆ ಮಾವ ಬಕೆಟ್ಟು ಹಿಡಿದು ಹೊರಟಾಗ ಭಾನುವಾರವೆಂದು ನಾನೂ ಜೊತೆಗಿದ್ದೆ. ಅಧ್ಯಕ್ಷರು ಹಾರೆ ಹಿಡಿದ ಕೆಲಸದವರನ್ನು ಕರೆತಂದು ಕಲ್ಲಿನ ಮುಂದೆ ನಿಂತಿದ್ದರು. ಆದರೆ ಕೆಲಸದವರು ಹಾರೆ ಕೆಳಗಿಟ್ಟು ಚಪ್ಪಲಿ ಬಿಟ್ಟಿದ್ದರು. "ಪೂಜೆ ಆಗಿರೋ ಕಲ್ಲು ಸಾರ್. ನಾವು ಕೈ ಹಚ್ಚಲ್ಲ" ಎಂದ ಮೇಸ್ತ್ರಿ. ಅಧ್ಯಕ್ಷರೂ ಒಂದು ಗಳಿಗೆ ನೋಡಿ, ಯಾವುದಕ್ಕೂ ಇರಲಿ ಎಂದು ಕೆನ್ನೆ ತಟ್ಟಿಕೊಂಡರು.

ಕಲ್ಲು ಉಳಿಯಿತು ಅನ್ನುವಷ್ಟರಲ್ಲಿ ನಮ್ಮ ಮಾವ ಸುಮ್ಮನಿರಬೇಕೋ ಬೇಡವೋ? ಸತ್ಯ ಮುಖ್ಯ! "ಯಾರ್ರೀ ಹೇಳಿದ್ದು ದೇವರು ಅಂತ? ಇದು ಬರೀ..."

"ರೀ, ಸುಮ್ನಿರ್ರೀ ಸಾಕು!"

ತಿರುಗಿ ನೋಡಿದರೆ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನಿಂದ ಓಡಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಆಶ್ಚರ್ಯವೆಂದರೆ ಮಾವ ಸುಮ್ಮನಾದರು! ಅಧ್ಯಕ್ಷರು ಅತ್ತೆಗೆ ನಮಸ್ಕಾರ ಹೇಳಿ, ಕೆಲಸದವರನ್ನು ಕರೆದುಕೊಂಡು ಹೊರಟುಹೋದರು.

"ನೀನಾ ಹಚ್ತಿದ್ದಿದ್ದು?" ಎಂದರು ಮಾವ, ಅತ್ತೆಯ ಬೆರಳ ತುದಿಯ ಕುಂಕುಮ ನೋಡಿ.

"ಹೂಂ, ನಾನೇ. ಬರೀ ಕಲ್ಲಾಗಿದ್ರೆ ಅವತ್ತೇ ಕಿತ್ತು ಬಿಸಾಕ್ತಿದ್ರು. ಆಮೇಲೆ ನಿಮ್ಮ ಮುಖ ನೋಡೋಕಾಗ್ತಿತ್ತಾ ನಂಗೆ?"

"ನನಗೊಂದು ಮಾತು ಹೇಳ್ಬಹುದಿತ್ತಲ್ಲೇ?"

"ಯಾವಾಗ ಹೇಳ್ಲಿ? ನೀವು ಬಿಡ್ಬೇಕಲ್ಲ!"

ಮಾವ ನೀರು ಸುರಿದು ಕಲ್ಲು ತೊಳೆದರು, ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಆಮೇಲೆ ಕೈಚಾಚಿ, "ಹತ್ತು. ಈಗ ಹೇಳು" ಎಂದರು. ಅತ್ತೆ ನಾಚಿ ನನ್ನ ಕಡೆ ನೋಡಿದರು, ಮಾವನ ಕೈ ಹಿಡಿದು ಹತ್ತಿದರು.

"ನಂಗೆ ಭಾಷಣ ಬರಲ್ಲ" ಎಂದರು ಮೊದಲು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಹೊದ್ದುಕೊಂಡರು. "ಮದುವೆಗೆ ಮುಂಚೆ ಸಂಗೀತ ಕಲೀತಿದ್ದೆ. ಜೂನಿಯರ್ ಪಾಸಾಗಿತ್ತು, ಸೀನಿಯರ್‌ಗೆ ಕೂರ್ಬೇಕು ಅಂತ ತುಂಬಾ ಆಸೆ ಇತ್ತು. ಇವರಿಗೆ ಹೇಳೋಣ ಹೇಳೋಣ ಅಂದ್ಕೊಂಡು... ಹಾಗೇ ವಯಸ್ಸಾಗೋಯ್ತು."

ಅತ್ತೆ ಹಾಡುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಮಾವನ ಮುಖ ನೋಡಿದೆ, ಅವರಿಗೂ ಗೊತ್ತಿರಲಿಲ್ಲ. ಮಾವ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು.

"ಇನ್ನೂ ಹೇಳೇ, ಕೇಳ್ತಿದೀನಿ" ಎಂದರು.