ಮೂರನೇ ಕರೆಗೆ ಓಗೊಡುವ ಹುಡುಗಿ

ವಿಂಡ್‌ಮಿಲ್ಲಿನ ಕಂಬದೊಳಗೆ ಕೆಲಸ ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಹೊರಗೆ ಬಂದು ಹೇಳಿದರೆ ಎಲ್ಲರೂ ನಗುತ್ತಾರೆ. ಒಳಗಿದ್ದಾಗ ನನಗಂತೂ ನಗು ಬಂದಿಲ್ಲ.

ಚಿತ್ರದುರ್ಗದ ಹತ್ತಿರದ ಗುಡ್ಡದ ಮೇಲೆ ನಾನು ಎಂಜಿನಿಯರು. ಹೋದ ವರ್ಷ ಹರಿಯಬ್ಬೆ ಕಡೆಯ ಒಬ್ಬ ಡಿಪ್ಲೊಮಾ ಹುಡುಗಿಯನ್ನು ನಮ್ಮ ಮ್ಯಾನೇಜರು ನನಗೆ ಗಂಟು ಹಾಕಿದರು. ನಾನು ಅವಳ ಮೆಂಟರ್ ಅಂತೆ. ತರಬೇತಿ ಮುಗಿಯುವಾಗ ನಾನು ಹೂಂ ಅಂದರೆ ಅವಳಿಗೆ ಇಲ್ಲೇ ಕೆಲಸ, ಇಲ್ಲವಾದರೆ ಮನೆ.

೧. ಕಿವಿ

ಕಂಬದ ಒಳಗೆ ಹಗಲಲ್ಲೂ ಕತ್ತಲೆ. ಬಾಗಿಲು ಹಾಕಿದರೆ ಒಂದು ಗುಂಯ್ ಸದ್ದು ಬಿಟ್ಟು ಬೇರೇನಿಲ್ಲ. ನಾನು ಮೇಲೆ, ಅವಳು ಕೆಳಗೆ. ಅವಳ ಹೆಸರು ಹಿಡಿದು ಕರೆದೆ, ಉತ್ತರವಿಲ್ಲ. ಮತ್ತೆ ಕರೆದೆ, ಇಲ್ಲ. ಗಾಬರಿಯಾಗಿ ಏಣಿ ಇಳಿಯತೊಡಗಿದೆ. ಮೂರನೇ ಸಲ ಕೂಗಿದ್ದಕ್ಕೆ ತಣ್ಣಗೆ "ಏನ್ ಮೇಡಂ" ಅಂದಳು.

ದಿನಾ ಇದೇ ಕತೆ. ಕಿವಿ ತೋರಿಸಿಕೊಂಡು ಬಾ ಎಂದು ದುರ್ಗಕ್ಕೆ ಕಳಿಸಿದೆ. ಸಂಜೆ ಬಂದು, ಕಿವಿ ಚೆನ್ನಾಗಿದೆಯೆಂದು ಡಾಕ್ಟರು ಹೇಳಿದರು ಎಂದಳು. ಇಷ್ಟು ಹೊತ್ತು ಯಾಕಾಯಿತೆಂದು ಕೇಳಿದರೆ, ಕಾಂಪೌಂಡರು ಅವಳ ಸರದಿ ಬಂದಾಗಲೆಲ್ಲ ಒಳಗಿನಿಂದ ಎರಡೇ ಸಲ ಹೆಸರು ಕರೆದು ಮುಂದಿನವರನ್ನು ಒಳಗೆ ಬಿಟ್ಟನಂತೆ.

೨. ಒಪ್ಪಂದ

ನನಗೆ ರೇಗಿತು. ಕರೆದರೆ ಓಗೊಡದವಳನ್ನು ಕಟ್ಟಿಕೊಂಡರೆ ಒಂದು ದಿನ ಯಾರದೋ ಕೈ ಹೋಗುತ್ತದೆ ಎಂದು ಮ್ಯಾನೇಜರಿಗೆ ದೂರು ಕೊಟ್ಟೆ. ಅವಳಿಗೂ ಮುಖಕ್ಕೇ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಪಿಚ್ಚೆನಿಸಿತು.

"ನಮ್ಮಜ್ಜಿ ಹೇಳೈತೆ ಮೇಡಂ. ಕಣ್ಣಿಗೆ ಕಾಣದೋರು ಕರುದ್ರೆ ಮೂರ್ನೇ ಸಲಕ್ಕೇ ಓಗೊಡ್ಬೇಕು. ಅವಕ್ಕೆ ಮೂರ್ನೇ ಸಲ ಕರಿಯಾಕೆ ಬರಲ್ಲ."

"ನಾನೇನು ದೆವ್ವ ಏನಮ್ಮ?"

"ಅದು ಮೂರ್ನೇ ಸಲ ಕರುದ್ಮೇಲೆ ಗೊತ್ತಾಗ್ತೈತೆ ಮೇಡಂ."

ಕಡೆಗೆ ರಾಜಿಯಾಯಿತು. ಯಾರು ಯಾರನ್ನೇ ಕರೆಯಲಿ, ಒಂದೇ ಉಸಿರಿಗೆ ಮೂರು ಸಲ ಕರೆಯಬೇಕು, ಕೇಳಿದವರು ತಕ್ಷಣ ಓಗೊಡಬೇಕು. ಆಮೇಲೆ ಅವಳಷ್ಟು ಚುರುಕಾದ ಹುಡುಗಿಯನ್ನು ನಾನು ಕಾಣಲಿಲ್ಲ. ನನಗೆ ಮಾತ್ರ ಚಾಳಿ ಅಂಟಿತು. ಮನೆಯಲ್ಲೂ ಯಜಮಾನರನ್ನು "ರೀ, ರೀ, ರೀ" ಅನ್ನತೊಡಗಿದೆ. ಅವರು ಜಗಳಕ್ಕೇ ಕರೆದೆನೆಂದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

೩. ಮೇಲಿನ ದನಿ

ತರಬೇತಿಯ ಕೊನೆಯ ವಾರ. ರಿಪೇರಿಗೆಂದು ಯಂತ್ರ ನಿಲ್ಲಿಸಿದ್ದೆವು, ಆ ಗುಂಯ್ ಸದ್ದೂ ಇರಲಿಲ್ಲ. ಅವಳು ಮೇಲಿದ್ದಾಳೆಂದು ತಿಳಿದು ನಾನು ಕೆಳಗೆ ಏಣಿಯ ಹತ್ತಿರ ನಿಂತಿದ್ದೆ. ಮೇಲಿನಿಂದ "ಮೇಡಂ" ಎಂದು ಅವಳ ದನಿ ಬಂತು. ಒಂದೇ ಸಲ.

ಓಗೊಡಲು ಬಾಯಿ ತೆರೆದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ತಿರುಗಿ ನೋಡಿದರೆ ಅವಳೇ, ಕಂಕುಳಲ್ಲಿ ನೀರಿನ ಬಾಟಲಿ. ನೀರು ತರಲು ಜೀಪಿಗೆ ಹೋಗಿ ಆಗಷ್ಟೇ ಬಾಗಿಲಿಗೆ ಬಂದಿದ್ದಳಂತೆ.

ಮೇಲಿನಿಂದ ಮತ್ತೆ "ಮೇಡಂ".

ಇಬ್ಬರೂ ಉಸಿರು ಬಿಗಿ ಹಿಡಿದು ಮೂರನೆಯದಕ್ಕೆ ಕಾದೆವು. ಬರಲಿಲ್ಲ.

ಬಾಗಿಲಿಗೆ ಬೀಗ ಜಡಿದು ಜೀಪಿನಲ್ಲಿ ಕುಳಿತೆವು. ಅದು ನಿನ್ನ ದನಿಯೇ ಅಲ್ಲವೇ ಎಂದು ಕೇಳಿದೆ.

"ನಂದೇ ಮೇಡಂ. ಅದ್ಕೇ ಓಡಿ ಬಂದೆ, ನೀವೆಲ್ಲಿ ಓಗೊಟ್ಟುಬಿಡ್ತೀರೋ ಅಂತ."

ಅಷ್ಟರಲ್ಲಿ ಮ್ಯಾನೇಜರ ಫೋನು ಬಂತು. ನಾನು ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದೆ. ಅವರು ಸಿಟ್ಟಾಗಿದ್ದರು.

"ಏನ್ರಿ, ಆ ಹುಡುಗಿ ಕರುದ್ರೆ ಓಗೊಡಲ್ಲ ಅಂದಿದ್ರಲ್ಲ, ಅದನ್ನ ಕಲ್ಸಿ ಆತೇನ್ರಿ? ಕೆಲ್ಸಕ್ಕೆ ತಗಳ್ಳಾಣೋ ಬ್ಯಾಡೋ?"

"ತಗಳ್ರಿ ಸಾರ್," ಎಂದೆ. "ಕಲ್ತಾತು."

ಯಾರು ಕಲಿತದ್ದು ಎಂದು ಅವರು ಕೇಳಲಿಲ್ಲ.