ಬೀರುವಿನ ಕೆಳಗಿನ ಖಾನೆ

ಮನುಷ್ಯನಿಗೆ ದುಃಖ ಬಂದರೆ ಹೇಗೋ ಸುಧಾರಿಸಿಕೊಳ್ಳುತ್ತಾನೆ. ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ, ಕೂರಿಸಿ ಕಾಫಿ ಕೊಡುತ್ತಾರೆ, ಅವನ ಕೈಗೆ ಬೇಡದ್ದೇನೂ ಸಿಗದಂತೆ ನೋಡಿಕೊಳ್ಳುತ್ತಾರೆ. ಸಂತೋಷ ಬಂದವನನ್ನು ಮಾತ್ರ ಯಾರೂ ಹಿಡಿಯುವುದಿಲ್ಲ. ಅವನು ಏನು ಮಾಡಿದರೂ, "ಪಾಪ, ಖುಷೀಲವ್ನೆ, ಬುಡಿ" ಅಂದುಬಿಡುತ್ತಾರೆ. ಹಾಗೆ ನನ್ನನ್ನು ಮೂರು ದಿನ ಒಬ್ಬನನ್ನೇ ಮನೆಯಲ್ಲಿ ಬಿಟ್ಟಿದ್ದರಿಂದಲೇ ಇಷ್ಟೆಲ್ಲ ಆಯಿತು.

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊದಲನೆಯವಳು. ಇದನ್ನು ಇನ್ನೂ ಎರಡು ಸಲ ಬರೆಯಬೇಕು ಅನ್ನಿಸುತ್ತದೆ, ಆದರೆ ಓದುವವರಿಗೂ ಮೊಮ್ಮಕ್ಕಳಿರುತ್ತಾರೆ, ಹೊಟ್ಟೆ ಉರಿಸಬಾರದು. ಆಸ್ಪತ್ರೆಯಿಂದ ಫೋನು ಬಂದಾಗ ನಮ್ಮ ಬಾಗಿಲಲ್ಲಿ ಕರೆಂಟು ಮೀಟರು ನೋಡುವವನು ನಿಂತಿದ್ದ. ಅವನ ಬಾಯಿಗೆ ಒಂದು ಹಿಡಿ ಬೆಲ್ಲ ತುರುಕಿದೆ. "ನಂಗೆ ಶುಗರ್ ಐತೆ ಯಜಮಾನ್ರೇ" ಅಂತ ಅವನು ಬಾಯಿ ತುಂಬಿಕೊಂಡೇ ಹೇಳಿದ. "ಮೊಮ್ಮಗಳು ಕಣಪ್ಪಾ, ಈ ಬೆಲ್ಲ ಏನೂ ಮಾಡಲ್ಲ" ಅಂದೆ. ನಾನು ಓದಿರುವುದು ನಾಲ್ಕನೆಯ ಕ್ಲಾಸು. ಡಾಕ್ಟರಿಕೆ ಮಾಡಲು ಅಷ್ಟು ಸಾಕು ಎಂಬ ಧೈರ್ಯ ಸಂತೋಷದಲ್ಲಿ ತಾನಾಗಿ ಬರುತ್ತದೆ.

ನನ್ನ ಕೆಲಸದ ಬಗ್ಗೆ ಹೇಳದಿದ್ದರೆ ಬೀರುವಿನ ವಿಷಯ ತಿಳಿಯುವುದಿಲ್ಲ. ತುಮಕೂರಿನ ಒಂದು ಮದುವೆ ಛತ್ರದಲ್ಲಿ ಮೂವತ್ತು ವರ್ಷ ಉಗ್ರಾಣ ನೋಡಿಕೊಂಡವನು ನಾನು. ಜಮಖಾನ, ಹಾಸಿಗೆ, ದಿಂಬು, ಬೆಡ್‌ಶೀಟು ಎಲ್ಲವೂ ನನ್ನ ಸುಪರ್ದಿ. ಗಂಡಿನ ಕಡೆಯವರು ಬೆಳಗಿನ ಜಾವ ಬಂದು "ಹೊದಿಕೆ" ಅಂದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದೆ. ಬೆಡ್‌ಶೀಟನ್ನು ಒಬ್ಬನೇ ನಿಂತು, ಒಂದು ತುದಿಯನ್ನು ಗದ್ದಕ್ಕೆ ಸಿಕ್ಕಿಸಿಕೊಂಡು, ನಾಲ್ಕೇ ಮಡಿಕೆಯಲ್ಲಿ ಇಟ್ಟಿಗೆಯ ಹಾಗೆ ಮಾಡುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಈ ವಿದ್ಯೆಯನ್ನು ಎಲ್ಲಿ ತೋರಿಸಲಿ? ಸಿಕ್ಕಿದ್ದು ನಡುಕೋಣೆಯ ಗೋಡೆ ಬೀರು ಒಂದೇ.

ಆ ಬೀರುವಿಗೆ ನಾಲ್ಕು ಖಾನೆ, ಮೇಲೊಂದು ಕೆಳಗೊಂದು ಬಾಗಿಲು. ಮೇಲಿನ ಖಾನೆಯಲ್ಲಿ ಹೊಸದು: ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆ ಬಂದ ಪಂಚೆ, ಟವೆಲು, ಬೆಡ್‌ಶೀಟು, ಅಂಗಡಿಯ ಕವರೂ ತೆಗೆಯದೆ. ಎರಡನೆಯದರಲ್ಲಿ ದಿನಬಳಕೆಯ ಬೆಡ್‌ಶೀಟು, ಟವೆಲು. ಮೂರನೆಯದರಲ್ಲಿ ಕಂಬಳಿ, ರಗ್ಗು. ಈ ಮೂರೂ ನನ್ನ ಆಡಳಿತ. ಕೆಳಗಿನ ಖಾನೆ ಮಾತ್ರ ನನ್ನ ಹೆಂಡತಿ ಸಿದ್ದಗಂಗಮ್ಮನದು. ಅಲ್ಲಿ ಒಂದು ಗಂಟು ಇತ್ತು. ಹಳೆಯ ಸೀರೆಯಲ್ಲಿ ಕಟ್ಟಿದ ಹಳೆಯ ಪಂಚೆಗಳು. ಬಾಗಿಲು ತೆಗೆದರೆ ಸಾಕು, ಅದು ಹೊರಗೆ ಉರುಳಿ ಕಾಲ ಮೇಲೆ ಬೀಳುತ್ತಿತ್ತು. "ಇದ್ಯಾತಕ್ಕೆ ಮಡಗಿದ್ದೀಯ?" ಅಂತ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಇರ್ಲಿ ಬುಡಿ, ಬೇಕಾಗ್ತದೆ." ಛತ್ರದಲ್ಲಿ ಹರಿದದ್ದನ್ನು ಆ ದಿನವೇ ಉಗ್ರಾಣದಿಂದ ಆಚೆ ಹಾಕುತ್ತಿದ್ದ ನನಗೆ ಆ ಗಂಟು ಕಣ್ಣಿಗೆ ಬಿದ್ದ ಕಸ.

ಮಗು ಹುಟ್ಟಿದ ಮಾರನೆಯ ದಿನ ಮಗಳು ರೂಪ ಆಸ್ಪತ್ರೆಯಿಂದ ಫೋನು ಮಾಡಿದಳು. ಅವಳನ್ನು ಕೊಟ್ಟಿರುವುದು ಗುಬ್ಬಿಗೆ. ಬಾಣಂತನ ನಮ್ಮ ಮನೆಯಲ್ಲಿ, ಅದೇ ನಡುಕೋಣೆಯಲ್ಲಿ. "ಅಪ್ಪಾ, ಆ ಬೀರು ಬಾಗ್ಲು ಕಿರ್‌ರ್ ಅಂತದೆ. ಮಗು ಎದ್ಬುಡ್ತದೆ. ಏನಾದ್ರೂ ಮಾಡಪ್ಪ" ಅಂದಳು. ಇದಕ್ಕೆ ಒಂದು ಚಮಚ ಎಣ್ಣೆ ಸಾಕು ಎಂದು ಯಾರಿಗಾದರೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಮೊಮ್ಮಗಳು ನನ್ನ ಕಿರುಬೆರಳು ಹಿಡಿದವಳು ಬಿಟ್ಟಿರಲಿಲ್ಲ. ಅಂಥವಳಿಗೆ ಕಿರುಗುಟ್ಟುವ ಹಳೆಯ ಬೀರುವೇ? ಹೊಸ ಬೀರು! ಪಕ್ಕಕ್ಕೆ ಸರಿಯುವ ಬಾಗಿಲು, ಎಳೆಯುವ ಡ್ರಾಯರು, ಟೋಪಿಗೊಂದು, ಕಾಲುಚೀಲಕ್ಕೊಂದು!

ಕುಣಿಗಲ್ಲಿನ ಕೆಂಪಾಚಾರಿಗೆ ಹೇಳಿ ಕಳಿಸಿದೆ. ಛತ್ರದ ಮಂಟಪಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು, ಹಳೆಯ ಸ್ನೇಹ. ಅಂದು ಮಧ್ಯಾಹ್ನವೇ ಬಂದು ಬೀರುವಿನ ಬಾಗಿಲನ್ನು ಬೆರಳಲ್ಲಿ ತಟ್ಟಿ, ಮೂಗು ಹತ್ತಿರ ತಂದು ವಾಸನೆ ನೋಡಿದ.

"ಉಗ್ರಾಣದ ಯಜಮಾನ್ರೇ, ಹಲಸಿನ ಮರ ಇದು. ನಾನು ಸತ್ರೂ ಇದು ಸಾಯಲ್ಲ. ಯಾಕ್ ಒಡೀತೀರ?"

"ಮೊಮ್ಮಗಳು ಕಣೋ ಆಚಾರಿ."

"ಮೊಮ್ಮಗಳು ಹುಟ್ಟಿದ್ರೆ ತೊಟ್ಲು ಮಾಡುಸ್ತಾರೆ. ಬೀರು ಒಡ್ಸೋರ್ನ ಇವತ್ತೇ ಕಂಡಿದ್ದು."

ನಾನು ಬಿಡಲಿಲ್ಲ. ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಡ್ರಾಯರುಗಳನ್ನು ಬರೆದು ತೋರಿಸಿದೆ. ಹನ್ನೊಂದು ಡ್ರಾಯರು ಬಂದವು. ಅವನು ಎಣಿಸಿ, "ಇದು ಬೀರಲ್ಲ ಯಜಮಾನ್ರೇ, ಪೋಸ್ಟಾಫೀಸು" ಅಂದ. ಆಮೇಲೆ, ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, "ನಾಳಿದ್ದು ಬೆಳಿಗ್ಗೆ ಬರ್ತೀನಿ. ಅಷ್ಟ್ರಲ್ಲಿ ಎಲ್ಲ ಖಾಲಿ ಮಾಡ್ಮಡಗಿ" ಅಂದು ಹೋದ.

ಮಾರನೆಯ ಬೆಳಿಗ್ಗೆ ಖಾಲಿ ಮಾಡಲು ನಿಂತೆ. ಮೇಲಿನ ಮೂರು ಖಾನೆಯದನ್ನು ಮಂಚದ ಮೇಲೆ ಇಟ್ಟಿಗೆ ಜೋಡಿಸಿದಂತೆ ಜೋಡಿಸಿದೆ. ಕೆಳಗಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಗಂಟು ಉರುಳಿ ಕಾಲ ಮೇಲೆ ಬಿತ್ತು. ಅದೇ ಹೊತ್ತಿಗೆ ಬೀದಿಯಲ್ಲಿ ಕೂಗು: "ಹಳೇ ಬಟ್ಟೆಗೆ ಪಾತ್ರೇ..." ದೇವರೇ ಕಳಿಸಿದ ಅಂದುಕೊಂಡೆ. ದೇವರು ಕೆಲವೊಮ್ಮೆ ಪರೀಕ್ಷೆ ಮಾಡಲೂ ಕಳಿಸುತ್ತಾನೆ ಎಂಬುದು ಐದನೆಯ ಕ್ಲಾಸಿನಲ್ಲಿ ಹೇಳಿಕೊಡುತ್ತಾರೋ ಏನೋ.

ಪಾತ್ರೆಯವಳು ಗಂಟು ಬಿಚ್ಚಿ ಮೂಗು ಮುರಿದಳು. "ಬರೀ ಪಂಚೆ ಕಣಣ್ಣ. ಇದ್ನ ಯಾರ್ ತಗೊಂತಾರೆ? ಪ್ಯಾಂಟ್ ಕೊಡು, ಜರಿ ಸೀರೆ ಕೊಡು." ನಾನೇ ಗೋಗರೆದೆ. ನನ್ನ ಎರಡು ಒಳ್ಳೆಯ ಪ್ಯಾಂಟನ್ನು ಮೇಲೆ ಹಾಕಿದ ಮೇಲೆ, ನನಗೆ ಉಪಕಾರ ಮಾಡುವವಳಂತೆ ಗಂಟು ಎತ್ತಿಕೊಂಡು, ಒಂದು ಸ್ಟೀಲ್ ಬೇಸಿನ್ ಕೊಟ್ಟಳು. ಮಗುವಿಗೆ ನೀರು ಹಾಕಲು ಆಗುತ್ತದೆ ಎಂದು ಬೇಸಿನ್ನನ್ನು ಎದೆಗೆ ಅಪ್ಪಿಕೊಂಡೇ, ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ಸಿದ್ದಗಂಗಮ್ಮನಿಗೆ ಫೋನು ಮಾಡಿದೆ. ಹೊಸ ಬೀರು, ಹನ್ನೊಂದು ಡ್ರಾಯರು, ಬೇಸಿನ್ನು, ಗಂಟು ತೊಲಗಿದ್ದು ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿದೆ.

ಅಷ್ಟರಲ್ಲಿ ಅವಳಿಗೆ ಕೇಳಿಸಿದ್ದು ಒಂದೇ.

"ಯಾವ ಗಂಟು?"

"ಅದೇ, ಕೆಳಗಿಂದು."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಅದು ಕೂಸಿಗೆ ಅಂತ ಮಡಗಿದ್ದು ಕಣ್ರೀ! ನಾಮಕರಣ ಆಗೋಗಂಟ ಎಳೆಕೂಸಿಗೆ ಹೊಸ ಬಟ್ಟೆ ಸೋಕುಸ್ತಾರಾ? ನಿಮ್ಮ ಮಗಳನ್ನ ಯಾವ್ದ್ರಲ್ಲಿ ಸುತ್ತಿದ್ದೆ, ರೇಷ್ಮೆಲಾ?"

ನನಗೆ ಆಗ ನೆನಪಾಯಿತು. ನಮ್ಮ ಕಡೆ ಎಳೆಮಗುವನ್ನು ಮೊದಲ ದಿನಗಳಲ್ಲಿ ಒಗೆದು ಒಗೆದು ಮೆತ್ತಗಾದ ಹಳೆಯ ಬಟ್ಟೆಯಲ್ಲೇ ಸುತ್ತುವುದು. ಹೊಸದು ಚರ್ಮ ತರಚುತ್ತದೆ ಅನ್ನುತ್ತಾರೆ. ಅದೂ ಯಾರದ್ದೋ ಅಲ್ಲ, ಮನೆಯ ಹಿರಿಯರು ಉಟ್ಟು ಸವೆಸಿದ್ದೇ ಆಗಬೇಕು; ಅವರ ಆಯಸ್ಸು ಮಗುವಿಗೆ ಬರಲಿ ಅಂತ. ಸಿದ್ದಗಂಗಮ್ಮ ನಾನು ಉಟ್ಟು ಬಿಟ್ಟ ಪಂಚೆಗಳನ್ನೇ ಆರಿಸಿ ಆರಿಸಿ ಇಟ್ಟಿದ್ದಳು, ಇಷ್ಟು ವರ್ಷ, ನನ್ನ ಬೈಗುಳ ತಿಂದುಕೊಂಡು. ನಾನು ನನ್ನದೇ ಆಯಸ್ಸನ್ನು ಬೇಸಿನ್ನಿಗೆ ಮಾರಿದ್ದೆ. ಅದೂ ಎರಡು ಪ್ಯಾಂಟು ಮೇಲೆ ಹಾಕಿ.

"ಇಲ್ಲಿಗೆ ತಂದಿದ್ದ ಆರು ತುಂಡೂ ಒದ್ದೆ ಆಗವೆ. ಡಾಕ್ಟ್ರು ನಾಳೆನೇ ಮನೆಗೋಗಿ ಅಂದವ್ರೆ. ಬೀಗಿತ್ತಿನೂ ಜೊತೇಲಿ ಬರ್ತಾವ್ರೆ. ಕೂಸು ಬರೋ ಮನೇಲಿ ಗೋಡೆ ಧೂಳು, ಸುತ್ತಕ್ಕೆ ಒಂದು ತುಂಡು ಬಟ್ಟೆ ಇಲ್ಲ. ಗುಬ್ಬಿಯೋರ ಮುಂದೆ ನಾನು ಏನಂತ ತಲೆ ಎತ್ಲಿ?" ಅಂದವಳ ದನಿ ಕೊನೆಗೆ ಸಣ್ಣಗಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಟ್ಟ ಬಟ್ಟೆಯಲ್ಲೇ ಓಡಿದೆ. ಬೇಸಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರು ಬೀದಿ ಸುತ್ತಿದೆ. ಎದುರು ಸಿಕ್ಕವರೊಬ್ಬರು "ಏನ್ ಯಜಮಾನ್ರೇ, ನೀವೂ ಪಾತ್ರೆ ವ್ಯಾಪಾರ ಶುರು ಮಾಡುದ್ರಾ?" ಅಂದರು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮರದ ಕೆಳಗೆ ಪಾತ್ರೆಯವಳು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಗಂಟು ಇರಲಿಲ್ಲ. ಅವಳ ತಂಗಿ ಆಗಲೇ ಅದನ್ನು ಹೊತ್ತು ಸಿ.ಎಸ್. ಪುರದ ಬಸ್ಸು ಹತ್ತಿದ್ದಳಂತೆ. ಏದುಸಿರು ಬಿಡುತ್ತಾ ವಿಷಯ ಹೇಳಿದೆ. ಅವಳು ಎಲೆ ಅಡಿಕೆ ಉಗಿಯುವುದನ್ನೂ ಮರೆತು ನಕ್ಕಳು.

"ಕೂಸಿಂದು ಅಂತ ಒಂದ್ಮಾತು ಅಂದಿದ್ರೆ ನಾನೇ ಮುಟ್ತಿರ್ಲಿಲ್ಲ ಕಣಣ್ಣ. ಗಂಡಸ್ರ ಕೈಗೆ ಬೀರು ಕೊಟ್ರೆ ಇಷ್ಟೇ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನೊಂದು ಉಳ್ಕೊಂಡೈತಲ್ಲ."

"ಎಲ್ಲಿ?"

"ನೀನು ಉಟ್ಟಿಲ್ವಾ?"

ಬಗ್ಗಿ ನೋಡಿಕೊಂಡೆ. ಏಳೆಂಟು ವರ್ಷದಿಂದ ಮನೆಯಲ್ಲಿ ಉಡುತ್ತಿದ್ದ ಪಂಚೆ. ಇದನ್ನು ಉಟ್ಟುಕೊಂಡು ಬಾಗಿಲಿಗೆ ಬರಬೇಡಿ ಎಂದು ಸಿದ್ದಗಂಗಮ್ಮ ಬೇಡಿಕೊಳ್ಳುತ್ತಿದ್ದಳು, ಅಷ್ಟು ತೆಳ್ಳಗಾಗಿತ್ತು. ಬಾಗಿಲೇನು ಬಂತು, ಅದರಲ್ಲೇ ಅರ್ಧ ತುಮಕೂರು ಸುತ್ತಿ ಬಂದಿದ್ದೆ.

ಮನೆಗೆ ಬಂದವನು ಮೊದಲು ಅದನ್ನು ಬಿಚ್ಚಿ ಟವೆಲು ಸುತ್ತಿಕೊಂಡೆ. ಬೇಸಿನ್ನಿನಲ್ಲೇ ನೀರು ಕುದಿಸಿ, ಅದ್ದಿ, ಒಗೆದು, ಮಧ್ಯಾಹ್ನದ ಬಿಸಿಲಿಗೆ ಹಾಕಿದೆ. ಒಣಗಿದ ಮೇಲೆ ಎಂಟು ತುಂಡು ಹರಿದೆ. ಹರಿಯುವಾಗ ಸದ್ದೇ ಬರಲಿಲ್ಲ, ಅಷ್ಟು ಮೆತ್ತಗೆ. ಮೂವತ್ತು ವರ್ಷ ಸಾವಿರಾರು ಬೆಡ್‌ಶೀಟು ಮಡಿಸಿದ ಕೈ ಅಂದು ಆ ಎಂಟು ತುಂಡನ್ನು ಬಿಚ್ಚಿ ಬಿಚ್ಚಿ ಮೂರು ಸಲ ಮಡಿಸಿತು. ನನಗೆ ಉಡಲು ಬೇರೆ ಹಳೆಯ ಪಂಚೆ ಉಳಿಯದೆ, ಮಂಚದ ಮೇಲಿದ್ದ ಹೊಸ ಪಂಚೆಗಳಲ್ಲಿ ಒಂದನ್ನು ಕವರಿನಿಂದ ತೆಗೆದೆ. ರೂಪಳ ಮದುವೆಯಲ್ಲಿ ಗುಬ್ಬಿ ಬೀಗರು ಉಡುಗೊರೆ ಕೊಟ್ಟದ್ದು. ಗಂಜಿಯ ಬಿರುಸಿಗೆ ಅದು ನನ್ನನ್ನು ಉಟ್ಟುಕೊಂಡಿತೋ, ನಾನು ಅದನ್ನು ಉಟ್ಟುಕೊಂಡೆನೋ. ನಡೆದರೆ ಚರಚರ, ಕೂತರೆ ಚರಚರ.

ಮಾರನೆಯ ಬೆಳಿಗ್ಗೆ ಕೆಂಪಾಚಾರಿ ಉಳಿ ಸುತ್ತಿಗೆಯ ಚೀಲ ಹಿಡಿದು ಬಂದ. ಖಾಲಿ ಬೀರುವಿನ ಮುಂದೆ ಇಬ್ಬರೂ ನಿಂತೆವು. ಕೆಳಗಿನ ಖಾನೆಯಲ್ಲಿ ಎಂಟು ತುಂಡು ಬಟ್ಟೆ ಮಾತ್ರ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಖಾನೆಯಿಂದ ನನ್ನ ಕಾಲ ಮೇಲೆ ಏನೂ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಎಲ್ಲಿಂದ ಒಡೀಲಿ ಯಜಮಾನ್ರೇ?"

"ಒಡೀಬೇಡ ಕಣೋ. ಎಣ್ಣೆ ಬಿಡು."

ಅವನು ಅಡಿಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಎರಡು ತೊಟ್ಟು ಬಿಟ್ಟ. ಬಾಗಿಲು ಸುಮ್ಮನಾಯಿತು. ಅದೇ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ತನ್ನ ತಲೆಗೆ ಸವರಿಕೊಂಡು, "ಇದೇ ನನ್ ಕೂಲಿ" ಅಂದ. ನಾನು ಬರೆದಿದ್ದ ಹನ್ನೊಂದು ಡ್ರಾಯರುಗಳನ್ನು ಒದ್ದೆ ಬಟ್ಟೆಯಲ್ಲಿ ಇಬ್ಬರೂ ಸೇರಿ ಒರೆಸುತ್ತಿದ್ದಾಗ ಆಟೋ ಬಂದು ನಿಂತಿತು.

ಆರತಿ ಎತ್ತಿ ಒಳಗೆ ಕರೆದುಕೊಂಡದ್ದಾಯಿತು. ಸಿದ್ದಗಂಗಮ್ಮ ನನ್ನ ಮುಖ ನೋಡದೆ ನೇರ ಬೀರುವಿಗೆ ಹೋಗಿ, ಕೆಳಗಿನ ಖಾನೆಯಿಂದ ಒಂದು ತುಂಡು ತೆಗೆದು ಕೆನ್ನೆಗೆ ಒತ್ತಿಕೊಂಡಳು. ಗುರುತು ಹತ್ತಿತು. ನನ್ನ ಕಡೆ ತಿರುಗಿ, "ಇದ್ರಲ್ಲೇ ಬೀದಿಗೆ ಹೋಗಿದ್ರಾ?" ಅಂತ ಮೆಲ್ಲಗೆ ಕೇಳಿದಳು. ನಾನು ಸೂರು ನೋಡಿದೆ. ಬೀಗಿತ್ತಿಯೂ ಬಟ್ಟೆ ಮುಟ್ಟಿ ನೋಡಿ, "ಎಷ್ಟು ಮೆತ್ತಗವೆ! ಈ ಕಾಲದಲ್ಲಿ ಯಾರು ಇಷ್ಟು ಜೋಪಾನ ಮಾಡ್ತಾರೆ?" ಅಂದರು. ಆಮೇಲೆ ಅವರ ಕಣ್ಣು ನನ್ನ ಹೊಸ ಪಂಚೆಯ ಅಂಚಿನ ಮೇಲೆ ಬಿತ್ತು. "ನಾವು ಕೊಟ್ಟಿದ್ದು! ಮೊಮ್ಮಗಳು ಬರೋ ದಿನಕ್ಕೆ ಅಂತ ಮಡಗಿದ್ರಾ ಬೀಗ್ರೇ?" ಅಂತ ಕಣ್ಣು ಒರೆಸಿಕೊಂಡರು. ನಾನು ಹೂಂ ಅಂದೆ. ಸಿದ್ದಗಂಗಮ್ಮ ಕೆಮ್ಮಿದಳು.

ನನ್ನ ಪಂಚೆಯ ಎಂಟನೆಯ ಒಂದು ಭಾಗದಲ್ಲಿ ಸುತ್ತಿಸಿಕೊಂಡು ಮೊಮ್ಮಗಳು ಮಲಗಿದಳು. ಬೀರುವಿನ ಬಾಗಿಲನ್ನು ತೆಗೆದು ಮುಚ್ಚಿ ತೋರಿಸಿದೆ, ಮಗು ಅಲುಗಲಿಲ್ಲ. ಆ ಹೆಮ್ಮೆಗೆ "ನೋಡಿದ್ರಾ!" ಅಂತ ಕೂಗಿದೆ ನೋಡಿ, ಕಿಟಾರನೆ ಕಿರುಚಿಕೊಂಡು ಎದ್ದಳು. ರೂಪ ಹೇಳಿದಳು: "ಅಪ್ಪಾ, ಎಣ್ಣೆ ಬೀರುಗಲ್ಲ, ನಿನ್ ಬಾಯಿಗೆ ಬಿಡುಸ್ಬೇಕಿತ್ತು."

ಮೇಲಿನ ಖಾನೆಯ ಮೇಲೂ ಈಗ ನನ್ನ ಆಡಳಿತವಿಲ್ಲ. ಅಲ್ಲಿಟ್ಟಿದ್ದ ಹೊಸ ಪಂಚೆಗಳನ್ನೆಲ್ಲ ಸಿದ್ದಗಂಗಮ್ಮ ಕವರು ಹರಿದು ನನ್ನ ಮುಂದೆ ಹಾಕಿದ್ದಾಳೆ. "ಉಟ್ಟು, ಒಗ್ದು, ಹಳೇದ್ ಮಾಡಿ. ಇನ್ನೊಂದು ಕೂಸು ಬರಲ್ವಾ?" ಎಂದು ಅಪ್ಪಣೆಯಾಗಿದೆ. ಮೂವತ್ತು ವರ್ಷ ಹೊಸದನ್ನು ಕಾದವನಿಗೆ ಈ ವಯಸ್ಸಿನಲ್ಲಿ ಹಳೆಯದನ್ನು ತಯಾರು ಮಾಡುವ ಕೆಲಸ ಸಿಕ್ಕಿದೆ. ಶ್ರದ್ಧೆಯಿಂದ ಮಾಡುತ್ತಿದ್ದೇನೆ. ಮೊಮ್ಮಗಳನ್ನು ನೋಡುವ ನೆಪದಲ್ಲಿ ನಡುಕೋಣೆಗೆ ದಿನಕ್ಕೆ ನೂರು ಸಲ ಹೋಗಿಬರುತ್ತೇನೆ, ಚರಚರ, ಚರಚರ. ಬೀರು ತೆಪ್ಪಗಿದೆ. ಮಗುವನ್ನು ಎಬ್ಬಿಸುವ ಸದ್ದು ಮನೆಯಲ್ಲಿ ಈಗ ನನ್ನದೊಂದೇ.