ಕಾಳಿಂಗನ ಮೇಲಿನ ಅನುಮಾನ

ಭಾನುವಾರ ಬೆಳಗ್ಗೆ ಹಾಲಿನ ಪ್ಯಾಕೆಟ್ಟಿಗೆಂದು ಗಂಗರಾಜು ಗೇಟಿನ ಬೀಗ ತೆಗೆದರೆ, ಒಳಗಡೆ ಮೆಟ್ಟಿಲ ಪಕ್ಕದಲ್ಲಿ ಒಂದು ಕೆಂಪು ಪುಕ್ಕ ಬಿದ್ದಿತ್ತು. ಅವನು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಎದುರುಮನೆಯ ಆದಿಲಕ್ಷ್ಮಮ್ಮ ಅದನ್ನು ನೋಡಿಯಾಗಿತ್ತು.

ಆಕೆಯ ಎರಡು ನಾಟಿಕೋಳಿಗಳು ಹತ್ತು ದಿನದಿಂದ ಕಾಣೆಯಾಗಿದ್ದವು. ಆಕೆ ಕೂಗಾಡಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ರಸ್ತೆ ದಾಟಿ ಬಂದು, ಪುಕ್ಕವನ್ನು ಅವನ ಕೈಯಿಂದಲೇ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಎರ್ರಕೋಡಿದೇ ಅಲ್ಲೇನಪ್ಪ?" ಎಂದು ಕೇಳಿದರು. ಕೆಂಪು ಕೋಳಿಯನ್ನು ಆಕೆ ತೆಲುಗಿನಲ್ಲೇ ಕರೆಯುತ್ತಿದ್ದದ್ದು.

ಗಂಗರಾಜು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ, ಮನೆ ಶಿಡ್ಲಘಟ್ಟದಲ್ಲಿ. ಅವನ ಭಾವಮೈದ ವರ್ಗವಾಗಿ ಹೋಗುವಾಗ ಕಾಳಿಂಗ ಎಂಬ ಡಾಬರ್‌ಮನ್ ನಾಯಿಯನ್ನು ಇವನ ಪಾಲಿಗೆ ಬಿಟ್ಟುಹೋಗಿದ್ದ. ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುವ ಕಪ್ಪು ಮೈ, ನೆಟ್ಟಗೆ ನಿಂತ ಕಿವಿ. ಅದು ಬಂದಾಗಿನಿಂದ ಚಂದಾ ಕೇಳುವವರು ಈ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಗೇಟಿಗೆ ಅಡ್ಡ ಟೆಂಪೋ ನಿಲ್ಲಿಸುವುದೂ ತಪ್ಪಿತ್ತು. ಕಾಳಿಂಗ ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಸುಳುತ್ತದೆ, ಒಣಹಾಕಿದ ಪಂಚೆ ಗಾಳಿಗೆ ಹಾರಿದರೆ ನಡುಗುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತು. ಜೀವಮಾನದಲ್ಲಿ ಮೊದಲ ಸಲ ಬೀದಿಯವರು ತನಗೆ ಹೆದರುತ್ತಿದ್ದಾರೆ ಎಂಬ ಸಂತೋಷಕ್ಕೆ ಗಂಗರಾಜು ಆ ಗುಟ್ಟನ್ನು ಜೋಪಾನ ಮಾಡಿದ್ದ.

ಅದಕ್ಕೇ ಈಗ, ನಮ್ಮ ನಾಯಿ ಅಂಥದ್ದಲ್ಲಮ್ಮ ಎಂದು ಬಾಯಲ್ಲಿ ಹೇಳಿದನೇ ಹೊರತು ಯಾಕೆ ಅಂಥದ್ದಲ್ಲ ಎಂದು ಬಿಡಿಸಿ ಹೇಳಲಿಲ್ಲ.

ಒಳಗೆ ಬಂದ ಮೇಲೆ ಅವನಿಗೂ ಅನುಮಾನ ಹತ್ತಿತು. ಕಾಳಿಂಗನ ಬಾಯಿ ಬಿಡಿಸಿ ಮೂಸಿ ನೋಡಿದ. ಎಂದಿನ ವಾಸನೆಯೇ. ಆದರೂ ಅಂಗಳದಲ್ಲಿಟ್ಟ ಬಟ್ಟಲು ತುಂಬ ಅನ್ನ ದಿನಾ ಖಾಲಿಯಾಗುತ್ತದೆ, ನಾಯಿ ಮಾತ್ರ ಅಡುಗೆಮನೆ ಬಾಗಿಲಿಗೆ ಬಂದು ಇನ್ನೂ ಬೇಕೆಂದು ನಿಲ್ಲುತ್ತದೆ ಎಂದು ಹೆಂಡತಿ ಅಮೃತ ನಾಲ್ಕು ದಿನದ ಹಿಂದೆ ಹೇಳಿದ್ದಳು. ರಕ್ತದ ರುಚಿ ಹತ್ತಿದ್ದಕ್ಕೇ ಅನ್ನ ಸಾಕಾಗುತ್ತಿಲ್ಲವೋ ಏನೋ. ಇಷ್ಟು ದಿನದ ಪುಕ್ಕಲುತನವೆಲ್ಲ ನಾಟಕವೋ ಏನೋ. ಅವನು ನಾಯಿಯನ್ನು ದಿಟ್ಟಿಸಿದ. ಕಾಳಿಂಗ ಮುಖ ಆಚೆ ತಿರುಗಿಸಿತು.

ಹತ್ತು ಗಂಟೆಯ ಹೊತ್ತಿಗೆ ಗೇಟಿನ ಮುಂದೆ ಏಳೆಂಟು ಜನ ಸೇರಿದರು. ಇವತ್ತೇ ನಾಯಿಯನ್ನು ಊರಾಚೆ ಸಾಗಿಸಬೇಕು ಎಂದರು ಕೆಲವರು. ಕೋಳಿ ಆಯಿತು, ನಾಳೆ ಮಕ್ಕಳು ಎಂದರು ಇನ್ನು ಕೆಲವರು. ಒಳಗೆ ಅಮೃತ ನಾಯಿಯ ಕುತ್ತಿಗೆ ತಬ್ಬಿಕೊಂಡು ಕೂತುಬಿಟ್ಟಿದ್ದಳು.

ಆಗ ಮುಂದೆ ಬಂದವರು ಬೀದಿಯ ಕೊನೆಯಲ್ಲಿ ರೇಷ್ಮೆ ನೂಲು ತೆಗೆಸುವ ಅಸ್ಗರ್. ಮೂವತ್ತು ವರ್ಷದಿಂದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುತ್ತಿದ್ದವರು. ರಾಶಿಯ ಮೇಲಿನ ಗೂಡು ಎಷ್ಟೇ ಚೆನ್ನಾಗಿರಲಿ, ತಳಕ್ಕೆ ಕೈ ಹಾಕಿ ನೋಡದೆ ಬೆಲೆ ಕೂಗಿದವರಲ್ಲ. ಜಗಳ ಯಾಕೆ, ಪರೀಕ್ಷೆ ಮಾಡಿಬಿಡೋಣ ಎಂದರು ಅವರು. ಆದಿಲಕ್ಷ್ಮಮ್ಮನವರ ಹುಂಜವನ್ನು ಅಂಗಳಕ್ಕೆ ಬಿಡುವುದು, ನಾಯಿಯನ್ನೂ ಬಿಡುವುದು, ಎಲ್ಲರೂ ಗೇಟಿನಾಚೆ ನಿಂತು ನೋಡುವುದು.

ಗಂಗರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಯಿ ಹುಂಜವನ್ನು ಹಿಡಿದರೆ ನಾಯಿ ಹೋಯಿತು, ಹಿಡಿಯದಿದ್ದರೆ ಬೀದಿಯಲ್ಲಿ ಇವನ ಮರ್ಯಾದೆ ಹೋಯಿತು. ಬೇಡ ಎಂದರಂತೂ ತಪ್ಪು ಒಪ್ಪಿಕೊಂಡ ಹಾಗೆ. ಕೊನೆಗೆ ಹೂಂ ಎಂದ.

ಹುಂಜ ನೆಲಕ್ಕಿಳಿದು ರೆಕ್ಕೆ ಕೊಡವಿತು. ಮನೆ ಬಾಗಿಲಿನಿಂದ ಕಾಳಿಂಗ ನಾಲ್ಕು ಹೆಜ್ಜೆ ಬಂದು ನಿಂತಿತು. ಹುಂಜ ಒಂದು ಸಲ ಕೊಕ್ಕೊಕ್ಕೋ ಎಂದದ್ದೇ, ಕಾಳಿಂಗ ಬಾಲವನ್ನು ಹೊಟ್ಟೆಗೆ ಅಂಟಿಸಿಕೊಂಡು, ಜಾರಿ ಬಿದ್ದು, ಎದ್ದು, ಮನೆಯೊಳಗೆ ಓಡಿ ಅಮೃತಳ ಸೀರೆ ಸೆರಗಿನಲ್ಲಿ ತಲೆ ತೂರಿಸಿತು. ಹುಂಜ ಹೊಸ್ತಿಲವರೆಗೂ ಅಟ್ಟಿಸಿಕೊಂಡು ಹೋಯಿತು.

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಗರಾಜು ತಲೆ ತಗ್ಗಿಸಿ ನಿಂತ. ಹೋಗಲಿ, ನಾಯಿ ಉಳಿಯಿತು ಎಂದು ಸಮಾಧಾನ ಮಾಡಿಕೊಂಡ.

ಅಸ್ಗರ್ ಮಾತ್ರ ನಗಲಿಲ್ಲ. ಅಂಗಳದ ಮೂಲೆಯಲ್ಲಿದ್ದ ನಾಯಿಗೂಡನ್ನೇ ನೋಡುತ್ತಿದ್ದರು. ಸೊಂಟದೆತ್ತರದ, ತಗಡಿನ ಮಾಡಿನ ಗೂಡು; ಡಾಬರ್‌ಮನ್ ಇರುವ ಜಾಗವೆಂದು ಯಾರೂ ಹತ್ತಿರ ಸುಳಿದದ್ದಿಲ್ಲ.

"ಗಂಗರಾಜಣ್ಣ, ಹೆದರಿದ ನಾಯಿ ತನ್ನ ಗೂಡಿಗೆ ನುಗ್ಗಬೇಕು. ಪಕ್ಕದಲ್ಲೇ ಇದೆ. ಅದನ್ನ ಬಿಟ್ಟು ಮನೆಯೊಳಕ್ಕೆ ಯಾಕೆ ಓಡ್ತು?"

ಚಳಿಗೆ ಅದು ತಿಂಗಳಿಂದ ಒಳಗೇ ಮಲಗುತ್ತಿದೆ ಎಂದ ಗಂಗರಾಜು. ಅಸ್ಗರ್ ಆಗಲೇ ಗೇಟು ದಾಟಿ ಹೋಗಿ, ಅಂಗಿಯ ತೋಳು ಮಡಚಿ ಗೂಡಿನ ತಳಕ್ಕೆ ಕೈ ಹಾಕಿದ್ದರು. ಹಾಕಿದಷ್ಟೇ ಬೇಗ ಯಾ ಅಲ್ಲಾ ಎಂದು ಕೈ ಎಳೆದುಕೊಂಡರು. ಬೆರಳ ತುದಿಯಲ್ಲಿ ರಕ್ತ. ಒಳಗೆ ಗೋಣಿಚೀಲದ ಮೇಲೆ ಎರಡು ಕೋಳಿ ಅಕ್ಕಪಕ್ಕ ಕಾವಿಗೆ ಕೂತು, ಯಾರವನು ಎನ್ನುವಂತೆ ನೋಡುತ್ತಿದ್ದವು. ಕೆಳಗೆ ಹದಿನೇಳು ಮೊಟ್ಟೆ.

ಗಂಗರಾಜುವಿಗೆ ಎಲ್ಲ ಹೊಳೆಯಿತು. ತಿಂಗಳಿಂದ ಮೊಟ್ಟೆಯಿಡಲು ಇಲ್ಲಿಗೆ ಬಂದು ಅವೇ ನಾಯಿಯನ್ನು ಗೂಡಿನಿಂದ ಓಡಿಸಿವೆ, ಹತ್ತು ದಿನದಿಂದ ಕಾವಿಗೆ ಕೂತು ಅವೇ ಬಟ್ಟಲಿನ ಅನ್ನ ತಿಂದಿವೆ. ನೋಡಿದಿರಾ, ನಮ್ಮ ಕಾಳಿಂಗನ ತಪ್ಪು ಏನೂ ಇಲ್ಲ ಎಂದು ಅವನು ಎಲ್ಲರ ಮುಖವನ್ನೂ ನೋಡುತ್ತ ಹೇಳಿದ.

"ಹೌದಪ್ಪ, ನಾಯಿ ತಪ್ಪು ಏನೂ ಇಲ್ಲ" ಎಂದರು ಆದಿಲಕ್ಷ್ಮಮ್ಮ, ನಿಧಾನವಾಗಿ. "ಹುಂಜ ಕಂಡ್ರೆ ಓಡೋಗೋ ಮೂಕಪ್ರಾಣಿ, ಅದು ಕೋಳಿ ತರ್ತದಾ? ತಿಂಗಳಿಂದ ನಮ್ಮನೇಲಿ ಒಂದು ಮೊಟ್ಟೆ ಕಾಣ್ಲಿಲ್ಲ. ಗೇಟಿಗೆ ಬೀಗ ಹಾಕೋದು ನೀನು. ಇಲ್ಲಿಗೆ ಇವನ್ನ ತಂದಿಟ್ಟೋರು ಯಾರು, ನೀನೇ ಹೇಳು."

ಗೋಡೆ ಹಾರಿ ತಾವಾಗಿಯೇ ಬಂದಿರಬೇಕು ಎಂದ ಗಂಗರಾಜು. ಡಾಬರ್‌ಮನ್ ಇರುವ ಮನೆಗೆ ಯಾವ ಕೋಳಿ ತಾನಾಗಿ ಬರುತ್ತದೆ ಎಂದು ಹಿಂದಿನಿಂದ ಯಾರೋ ಕೇಳಿದರು. ಇಷ್ಟು ದಿನ ಆ ನಾಯಿಯನ್ನು ತೋರಿಸಿ ಹೆದರಿಸಿದ್ದು ಇದಕ್ಕೇ ಇರಬೇಕು ಎಂದರು ಮತ್ತೊಬ್ಬರು. ಅಸ್ಗರ್ ಬೆರಳಿಗೆ ಕರ್ಚೀಫು ಸುತ್ತಿಕೊಳ್ಳುತ್ತ, ಓದಿದವರು ಹೀಗೆ ಮಾಡಬಾರದಿತ್ತು ಎಂದಷ್ಟೇ ಹೇಳಿ ನಡೆದರು.

ಸಂಜೆಯ ಹೊತ್ತಿಗೆ ಕಾಳಿಂಗ ಬೀದಿಗೆಲ್ಲ ಮುದ್ದಿನ ಕೂಸು. ಆದಿಲಕ್ಷ್ಮಮ್ಮ ತಾವೇ ಬಂದು ಬ್ರೆಡ್ಡು ತಿನ್ನಿಸಿ, ಪಾಪ ಎಂದು ತಲೆ ಸವರಿದರು. ಗಂಗರಾಜು ನಮಸ್ಕಾರ ಎಂದಾಗ ಮಾತ್ರ ಸೆರಗು ಕೊಡವಿಕೊಂಡು ಹೊರಟುಹೋದರು.

ಅವನು ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಅಮೃತ ಕಾಫಿ ತಂದು ಮುಂದಿಟ್ಟಳು. ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು, ದನಿ ತಗ್ಗಿಸಿದಳು.

"ರೀ, ನಾನು ಯಾರಿಗೂ ಹೇಳಲ್ಲ. ಮೊಟ್ಟೆ ತಿನ್ನಬೇಕು ಅನ್ನಿಸಿದ್ರೆ ನನ್ನ ಕೇಳಬಾರದಿತ್ತಾ?"